ಎದ್ದು ಮಾತಾಡದ ಎರಡು ಗಳಿಗೆ

ಮನಸ್ಸನ್ನು ನೋಡಿಕೊಳ್ಳುವುದು ಹೇಗೆಂದು ಈಗ ಶಾಲೆಗಳಲ್ಲೇ ಹೇಳಿಕೊಡುತ್ತಾರಂತೆ. ನಮ್ಮ ಕಾಲದಲ್ಲಿ, ಐವತ್ತರ ದಶಕದ ಮೇಲವಂಕಿಯಲ್ಲಿ, ಹದಿಮೂರರ ಹುಡುಗಿಗೆ ಸಿಟ್ಟು ಬಂದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು, ಅಷ್ಟೆ. ನನ್ನ ಪುಣ್ಯ, ಅಪ್ಪನ ತಾಯಿ ಇದ್ದಳು. ನಾವೆಲ್ಲ ಅವಳನ್ನು ಆಯಿ ಎನ್ನುತ್ತಿದ್ದೆವು.

ಅವ್ವ ತೀರಿಕೊಂಡು ಎರಡು ವರ್ಷಕ್ಕೆ ಅಪ್ಪ ಕಣಗಲಾದ ಹುಡುಗಿಯನ್ನು ಮದುವೆಯಾಗಿ ಬಂದರು. ಚಿಕ್ಕವ್ವನಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ. ತಲೆಗೆ ಎಣ್ಣೆ ಹಚ್ಚಲು ಕರೆದರೆ ನಾನು ಕೊಸರಿಕೊಂಡು ಓಡುತ್ತಿದ್ದೆ. ಮಡಿಕೆ ಕಾಳಿನ ಪಲ್ಯ ಬಡಿಸಿದರೆ ತಾಟು ದೂಡಿ, "ನಮ್ಮವ್ವ ಹಿಂಗ ಮಾಡತಿದ್ದಿಲ್ಲ" ಎನ್ನುತ್ತಿದ್ದೆ. ಪಲ್ಯ ರುಚಿಯಾಗಿಯೇ ಇರುತ್ತಿತ್ತು. ನನಗೆ ಸಹಿಸಲಾಗದಿದ್ದುದೂ ಅದೇ.

ಆ ಮಳೆಗಾಲ ಆಯಿ ನನ್ನನ್ನು ಸಾಮಾಯಿಕಕ್ಕೆ ಕೂರಿಸಿದಳು. ನಾವು ಜೈನರು, ಎರಡು ಗಳಿಗೆ, ಅಂದರೆ ಮುಕ್ಕಾಲು ತಾಸು, ಅಲುಗಾಡದೆ, ಮಾತಾಡದೆ ಕೂರುವ ವ್ರತ ಅದು. ಮೊದಲ ದಿನ ಕಾಲು ಜೋಮು ಹಿಡಿಯಿತು. ಹೊರಗೆ ಗೆಳತಿಯರು ಹರಳಾಡುವ ಸದ್ದು, ಒಳಗಿಂದ ರೊಟ್ಟಿ ಸುಡುವ ವಾಸನೆ. ರೊಟ್ಟಿ ಬಡಿಯುತ್ತಿದ್ದವಳು ಚಿಕ್ಕವ್ವನೇ ಎಂದು ನೆನಪಾಗಿ ಮೈಯೆಲ್ಲ ಉರಿಯಿತು.

"ಸಿಟ್ಟ ಬರತೈತಿ ಆಯಿ, ಏನ್ ಮಾಡಿದರೂ ಹೋಗವಲ್ದು" ಎಂದೆ, ಮುಗಿದ ಮೇಲೆ.

"ಹೋಗ ಅನಬ್ಯಾಡ. ಬಂದೈತಿ, ಇರಲಿ. ಮೈಯಾಗ ಎಲ್ಲಿ ಕುಂತೈತಿ, ಅದನಷ್ಟ ನೋಡು."

ದಿನಾ ನೋಡಿದೆ. ಅದು ಗಂಟಲಲ್ಲಿ ಕೂತಿತ್ತು.

ಶ್ರಾವಣದ ಕೊನೆಗೆ ಬಸುರಿ ಚಿಕ್ಕವ್ವ ಹೆರಿಗೆಗೆಂದು ತವರಿಗೆ ಹೊರಟಳು. ಗೋಕಾಕದಲ್ಲಿ ಬಸ್ ಹಿಡಿಯಬೇಕಿತ್ತು, ಚಕ್ಕಡಿ ಹೂಡಿ ನಿಂತಿತ್ತು. ನಾನು ಸಾಮಾಯಿಕಕ್ಕೆ ಕೂತಿದ್ದೆ. ಅವಳು ಬಾಗಿಲಿಗೆ ಬಂದು, "ಪದ್ಮಾ, ಹೋಗಿ ಬರತೇನವಾ" ಎಂದಳು.

ಗಂಟಲಲ್ಲಿದ್ದುದು ಸಿಟ್ಟಲ್ಲ, ಅಳು ಎಂದು ಆಗ ಗೊತ್ತಾಯಿತು. ಇವಳನ್ನು ಹಚ್ಚಿಕೊಂಡರೆ ಅವ್ವನನ್ನು ಮರೆತುಬಿಡುತ್ತೇನೆಂದು ನಾನು ಹೆದರಿದ್ದೆ. ಅಷ್ಟೆಲ್ಲ ತಿಳಿದೂ ಬಾಯಿ ಬಿಡಲಿಲ್ಲ. ವ್ರತ ಮುರಿದರೆ ಪಾಪ. ಮೇಲಾಗಿ ಭಾದ್ರಪದದ ಪರ್ವ ಮುಗಿದೊಡನೆ ಕ್ಷಮಾವಣಿ ಬರುತ್ತದೆ, ಅವತ್ತು ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತೇವೆ. ಅಪ್ಪನ ಜೊತೆ ಕಣಗಲಾಕ್ಕೆ ಹೋಗಿ ಕೇಳಿದರಾಯಿತು ಎಂದುಕೊಂಡೆ. ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಚಕ್ಕಡಿ ಹೊರಟ ಸಪ್ಪಳ ಕೇಳಿತು.

ಕ್ಷಮಾವಣಿಗೆ ನಾಲ್ಕು ದಿನ ಇರುವಾಗ ಕಣಗಲಾದಿಂದ ಆಳು ಬಂದ. ದಿನ ತುಂಬದ ಹೆರಿಗೆಯಾಗಿ ತಾಯಿಯೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ.

ಆಯಿಗೆ ಎಲ್ಲ ಹೇಳಿಕೊಂಡು ಅತ್ತೆ. ಅವಳು ನನ್ನ ಕೈ ಹಿಡಿದುಕೊಂಡು, "ತಪ್ಪು ನಂದೈತಿ. ಕುಂದರಾಕ ಕಲಿಸಿದೆ, ಯಾವಾಗ ಏಳಬೇಕು ಅಂತ ಹೇಳಲಿಲ್ಲ" ಎಂದಳು.

ಆಯಿಯೂ ಹೋಗಿ ಎಷ್ಟೋ ವರ್ಷಗಳಾದವು. ಅವಳು ಕಲಿಸಿದ್ದು ನನ್ನನ್ನು ಕಾಯ್ದಿದೆ, ಸುಳ್ಳು ಹೇಳಲಾರೆ. ಸಿಟ್ಟು ಯಾವುದು, ಅಂಜಿಕೆ ಯಾವುದು ಎಂದು ಬೇಗ ತಿಳಿಯುತ್ತದೆ. ಮಕ್ಕಳ ಮೇಲೆ ನಾನು ಕೈ ಎತ್ತಿದವಳಲ್ಲ. ಈಗಲೂ ಕ್ಷಮಾವಣಿಗೆ ಮನೆಮನೆಗೆ ಹೋಗಿ ಕೈ ಮುಗಿಯುತ್ತೇನೆ. "ನೀವೇನ್ ತಪ್ಪು ಮಾಡೀರಿ, ಬಿಡ್ರಿ" ಎಂದು ಎಲ್ಲರೂ ನಗುತ್ತಾರೆ. ಇಲ್ಲಿ ಇಷ್ಟು ಸಲ ಚಿಕ್ಕವ್ವ ಎಂದು ಬರೆದೆನಲ್ಲ, ಅವಳು ಬದುಕಿದ್ದಾಗ ಒಂದು ಸಲವೂ ಹಾಗೆ ಕರೆದಿರಲಿಲ್ಲ.