ಬ್ಯಾಟರಿಗೆ ಮಡಿನೀರು

ನನ್ನ ಕಾಕಾ ತುಪ್ಪದ ವ್ಯಾಪಾರಿ. ಬಸವನ ಬಾಗೇವಾಡಿಯಲ್ಲಿ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಹಳೆಯ ಪಿಕಪ್ ಗಾಡಿಯೊಂದು ಹೂವಿನ ಹಿಪ್ಪರಗಿ, ನಾಲತವಾಡ, ಯಂಕಂಚಿ ಸುತ್ತಿ ಬೆಣ್ಣೆ ತರುತ್ತಿತ್ತು. ಯಾರ ಮನೆಯ ಬೆಣ್ಣೆ ಎಂದು ಯಾರೂ ಕೇಳುತ್ತಿರಲಿಲ್ಲ. ಡಬ್ಬಿ ತೆರೆದರೆ ಹುಳಿ ನಾತ. ಬೆಣ್ಣೆಯಲ್ಲಿ ಎಮ್ಮೆಯ ಕೂದಲು, ಹುಲ್ಲುಕಡ್ಡಿ, ಒಮ್ಮೊಮ್ಮೆ ನೊಣ. ಕಾಯಿಸಿ ಸೋಸಿದರೆ ಮುಗಿಯಿತು, ಬೆಣ್ಣೆಗೆ ಮೈಲಿಗೆಯಿಲ್ಲ ಎನ್ನುತ್ತಿದ್ದರು ಕಾಕಾ. ನೀರಿಗೆ ಮಾತ್ರ ಇತ್ತು. ಗಾಡಿಯ ಬ್ಯಾಟರಿಯೊಳಗಿನ ನೀರಿಗೂ ಇತ್ತು.

ಧಾರವಾಡದಲ್ಲಿ ಬಿ.ಎಸ್‌ಸಿ. ಮುಗಿಸಿ ಬಂದಾಗ ಇದನ್ನು ಕಣ್ಣಾರೆ ಕಂಡೆ. ತಂದೆ ತೀರಿಕೊಂಡಿದ್ದರು, ನನಗಿದ್ದದ್ದು ಆ ಮನೆಯೊಂದೇ. ಕಾಕಾನ ಹೆಂಡತಿ, ನಮ್ಮ ಕಾಕು, ಒದ್ದೆ ಸೀರೆಯುಟ್ಟು ಬಾವಿಯ ನೀರನ್ನು ತಾಮ್ರದ ತಂಬಿಗೆಯಲ್ಲಿ ತರುತ್ತಿದ್ದರು. ಡ್ರೈವರ್ ಬ್ಯಾಟರಿಯ ಮುಚ್ಚಳಗಳನ್ನು ಬಿಚ್ಚಿಟ್ಟು ದೂರ ಸರಿಯಬೇಕು. ಆಮೇಲೆ ಕಾಕು ಒಂದೊಂದು ಬಾಯಿಗೂ ನೀರು ಹನಿಸುವರು. ಡ್ರೈವರ್ ಊರಿನ ಹಳೆಯ ಮುಸಲ್ಮಾನ ಮನೆತನದವರು, ನನ್ನ ತಂದೆಯ ವಯಸ್ಸಿನವರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ. ದಿನವಿಡೀ ಸ್ಟೇರಿಂಗ್ ಹಿಡಿಯುವ ಆ ಕೈ ನೀರನ್ನು ಮಾತ್ರ ಹಾಕುವಂತಿರಲಿಲ್ಲ. ನೈವೇದ್ಯಕ್ಕೆ ತುಪ್ಪ ಒಯ್ಯಲು ಬಂದವರ ಮುಂದೆ ಕಾಕಾ, "ನಮ್ಮ ಗಾಡ್ಯಾಗ ಸೈತ ಹೊರಗಿನ ನೀರು ಒಂದ ಹನಿ ಇಲ್ರಿ," ಎಂದು ಹೇಳಿಕೊಳ್ಳುತ್ತಿದ್ದರು.

ಆ ಬಾವಿಯ ನೀರು ಸವುಳು. ಅದರಲ್ಲಿ ಬೇಳೆ ಕೂಡ ಬೇಯುತ್ತಿರಲಿಲ್ಲ. ಅಡುಗೆಗೆ ಬೇರೆ ಬಾವಿಯಿಂದ ಸಿಹಿನೀರು ತರುತ್ತಿದ್ದೆವು. ಈ ಉಪ್ಪು ಬ್ಯಾಟರಿಯನ್ನು ಹಾಳುಮಾಡುತ್ತದೆ ಎಂದು ಕಾಕುಗೆ ಹೇಳಿದೆ.

"ಕಲತಾಕಿ ಅದೀವ್ವಾ ನೀನು," ಎಂದು ಅವರು ನಕ್ಕರು. "ಬ್ಯಾಟರ್‍ಯಾಗ ನಾವೇನ ಬ್ಯಾಳಿ ಕುದಸ್ತೇವೇನು?"

ಒಂದು ಬ್ಯಾಟರಿ ಆಗಲೇ ಹಾಳಾಗಿತ್ತು, ಎರಡನೆಯದೂ ವರ್ಷ ತುಂಬುವುದರೊಳಗೆ ಸತ್ತಿತು. ಚಾಚಾ ಒಳಗಿನ ಹೊಸ ಸೀಸದ ಪ್ಲೇಟುಗಳನ್ನು ಮಾರಿಕೊಂಡು ಹಳೆಯವನ್ನು ತುರುಕಿದ್ದಾರೆ ಎಂಬುದು ಕಾಕಾನ ತೀರ್ಮಾನ. ಹೊಸದನ್ನು ಆರಿಸಲು ಮುದ್ದೇಬಿಹಾಳಕ್ಕೆ ಹೊರಟಾಗ ನನ್ನನ್ನೂ ಕರೆದರು. ಬ್ಯಾಟರಿಯ ಜೊತೆ ಬರುವ ಇಂಗ್ಲಿಷ್ ಚೀಟಿಯನ್ನು ಓದುವವರು ಬೇಕಾಗಿತ್ತು. ಗಾಡಿಯನ್ನು ನಾಲ್ಕು ಜನ ತಳ್ಳಿ ಚಾಲೂ ಮಾಡಿದರು.

ಬ್ಯಾಟರಿ ಅಂಗಡಿಯವನು ಎಣ್ಣೆ ಮೆತ್ತಿದ ಲುಂಗಿಯ, ಬಾಯಿ ಬಿಗಿಹಿಡಿಯದ ಮನುಷ್ಯ. ಅವನೂ ಮುಸಲ್ಮಾನನೇ.

"ಒಡೀರಿ ಈ ಸತ್ತ ಬ್ಯಾಟರಿನ," ಎಂದರು ಕಾಕಾ. "ಇವನ ಕಳವು ಹೊರಗ ಬರಲಿ."

ಅಂಗಡಿಯವನು ಕಾದ ಕಬ್ಬಿಣದಿಂದ ಮೇಲಿನ ಡಾಂಬರು ಕರಗಿಸಿ ಪ್ಲೇಟುಗಳನ್ನು ಎತ್ತಿದ. "ಕಂಪನಿ ಪ್ಲೇಟ ಅದಾವ್ರಿ. ಒಂದೂ ಬದಲಾಗಿಲ್ಲ." ಬೆರಳಿನಿಂದ ಮುಟ್ಟಿದ್ದೇ ತಡ, ಒಂದು ಮುರಿದು ಕಂದು ರಾಡಿಯಾಗಿ ಉದುರಿತು. "ಕೊಳತ ಬದನಿಕಾಯಿ ಆಗ್ಯಾವ ನೋಡ್ರಿ. ಇದರಾಗ ಉಪ್ಪಿನಕಾಯಿ ಹಾಕಿದ್ರೇನು?"

"ಬಾವಿ ನೀರು ಹಾಕೇವ್ರಿ," ಎಂದೆ ನಾನು. "ನಮ್ಮ ನೀರು ಸವುಳು. ಆ ಉಪ್ಪು ಪ್ಲೇಟ ತಿಂದೈತಿ. ಕಾಕಾ, ಚಾಚಾ ಏನೂ ಮಾಡಿಲ್ಲ."

"ನಿನ್ನ ಓದಾಕ ಕರಕೊಂಡ ಬಂದೇನಿ. ನ್ಯಾಯ ಹೇಳಾಕಲ್ಲ."

ಹೊಸ ಬ್ಯಾಟರಿಯ ಚೀಟಿ ಓದಿದೆ. ಆವಿ ಹಿಡಿದು ತಣಿಸಿದ ನೀರನ್ನಷ್ಟೇ ಹಾಕಬೇಕು. ಬಾವಿ, ಹೊಳೆ, ನಳದ ನೀರು ಕೂಡದು ಎಂದು ಅದರಲ್ಲಿತ್ತು.

"ಆ ಆವಿ ಹಿಡದವರ ಯಾರು?" ಎಂದು ಕಾಕಾ ಕೇಳಿದರು.

"ಮುಂಬೈ ಕಾರ್ಖಾನಿಯವರ್ರಿ," ಎಂದ ಅಂಗಡಿಯವನು. "ಜಾತಿ ಕೇಳಿ ಕಾಗದ ಬರೀಲೇನು? ಈ ನೀರು ಕುಡಿಯೂದು ಗಾಡಿ ಧಣ್ಯಾರ, ನೀವಲ್ಲ."

ಅಂಗಡಿಯಲ್ಲಿ ಎರಡು ಬ್ಯಾಟರಿಗಳಿದ್ದವು. ಒಂದು ಹದಿನೈದು ಪ್ಲೇಟಿನದು, ದೊಡ್ಡದು, ನೀರು ಆಸಿಡ್ ತುಂಬಿ ಚಾರ್ಜು ಮಾಡಿ ಇಟ್ಟಿದ್ದು. ಇನ್ನೊಂದು ಹನ್ನೊಂದು ಪ್ಲೇಟಿನ ಒಣ ಬ್ಯಾಟರಿ, ಸಣ್ಣ ಕಾರಿಗೆ ಸಾಲುವಂಥದು. ಭಾರ ಹೊರುವ ಗಾಡಿಗೆ ಮೊದಲನೆಯದೇ ಸರಿ ಎಂದು ಅಂಗಡಿಯವನು ಹೇಳಿದ, ಚಾಚಾ ಹೇಳಿದರು, ನಾನೂ ಹೇಳಿದೆ. ಕಾಕಾ ಒಣದನ್ನೇ ಆರಿಸಿದರು. ಅದರಲ್ಲಿ ಇನ್ನೂ ಯಾರ ನೀರೂ ಬಿದ್ದಿರಲಿಲ್ಲ.

"ಅದಕ್ಕ ತುಂಬೂ ಆಸಿಡಿನಾಗೂ ನೀರ ಇರ್ತೈತ್ರಿ," ಎಂದ ಅಂಗಡಿಯವನು.

"ಸುಡೂ ವಸ್ತುಕ್ಕ ಮೈಲಿಗಿ ಇಲ್ಲ."

"ಹಂಗಾರ ಬೀಡಿಗೂ ಇಲ್ಲಲ್ರಿ, ತಗೋರಿ ಒಂದು," ಎಂದು ಅಂಗಡಿಯವನು ತನ್ನ ಕಟ್ಟನ್ನೇ ಮುಂದೆ ಚಾಚಿದ. ಕಾಕಾ ಧೋತರದ ಚುಂಗು ಎತ್ತಿಕೊಂಡು ಹಿಂದೆ ಸರಿದರು. ನನಗೆ ನಗು ಬರಲಿಲ್ಲ. ಮುರಿದ ಪ್ಲೇಟಿನ ರಾಡಿ ನೆಲದ ಮೇಲೆ ಹರಿಯುತ್ತಿತ್ತು. ಚಾಚಾ ಅದನ್ನೇ ನೋಡುತ್ತ ನಿಂತಿದ್ದರು. ಕಳವಿಲ್ಲ ಎಂದು ಸಾಬೀತಾಗಿದ್ದರೂ ಕಾಕಾ ಅವರಿಗೆ ತಪ್ಪಾಯಿತೆಂಬ ಒಂದು ಮಾತೂ ಹೇಳಿರಲಿಲ್ಲ.

ಚಾರ್ಜಿಗೆ ಸಮಯ ಬೇಕಾದ್ದರಿಂದ ಚಾಚಾನನ್ನು ಗಾಡಿಯ ಜೊತೆ ಬಿಟ್ಟು ನಾನೂ ಕಾಕಾನೂ ಬಸ್ಸಿನಲ್ಲಿ ಮರಳಿದೆವು. ಎರಡು ದಿನದ ಮೇಲೆ ಚಾಚಾ ಹೊಸ ಬ್ಯಾಟರಿ ಕೂರಿಸಿದ ಗಾಡಿಯನ್ನು ತಂದು ಅಂಗಳದಲ್ಲಿ ನಿಲ್ಲಿಸಿದರು. ಕಾಕಾ ಕೀಲಿ ಕೇಳಿದರು. ಕಟ್ಟೆಯ ಮೇಲೆ ಇಡಿಸಿಕೊಂಡು, ಆಮೇಲೆ ಎತ್ತಿಕೊಂಡರು.

"ಎರಡ ಬ್ಯಾಟರಿ ನಿನ್ನ ಕೈಯಾಗ ಸತ್ತಾವು. ಇದು ಬ್ಯಾಡ. ನಾಳಿಂದ ಬರಬ್ಯಾಡ."

"ಕೆಲಸದಿಂದ ತಗೀರಿ ಧಣ್ಯಾರ. ಕಳ್ಳ ಅನಬ್ಯಾಡ್ರಿ," ಎಂದರು ಚಾಚಾ. "ಆ ಹೆಸರು ಹೊತ್ತರ ಈ ಸೀಮ್ಯಾಗ ಯಾವನೂ ನನಗ ಗಾಡಿ ಕೊಡೂದಿಲ್ಲ."

ಕಾಕಾ ಒಳಗೆ ಹೋದರು. ಅವರಿಗೆ ಸತ್ಯ ಗೊತ್ತಿಲ್ಲದಿದ್ದರೆ ನಾನು ಕ್ಷಮಿಸುತ್ತಿದ್ದೆನೇನೋ. ಗೊತ್ತಿತ್ತು. ತಮ್ಮ ಬಾವಿಯ ಮೇಲೆ ಬರುವ ಮಾತನ್ನು ಚಾಚಾನ ತಲೆಗೆ ಹಾಕಿದ್ದರು. ಅಂದು ಊಟಕ್ಕೆ ತುಪ್ಪ ಹಾಕಿಸಿಕೊಳ್ಳಲಿಲ್ಲ. ಸಂತೆಯ ಹೊತ್ತಿಗೆ ಪೇಟೆಯೆಲ್ಲ ಬ್ಯಾಟರಿ ಕಳ್ಳನ ಸುದ್ದಿ ಆಡುತ್ತಿತ್ತು.

ಕೆಲವು ವಾರಗಳ ನಂತರ ಇಂಡಿ ತಾಲೂಕಿನ ಕಡೆಯ ಲಿಂಬೆ ತೋಟದವರೊಬ್ಬರು ಬಂದರು. ಲಿಂಬೆ ಸಾಗಿಸಲು ಗಾಡಿ ಕೊಂಡಿದ್ದರು. ಚಾಚಾನನ್ನು ಇಟ್ಟುಕೊಳ್ಳುವ ಮನಸ್ಸಿತ್ತು. ಹಳೆಯ ಧಣಿಯನ್ನು ಕೇಳದೆ ಡ್ರೈವರನನ್ನು ಇಟ್ಟುಕೊಳ್ಳುವ ರೂಢಿ ಇರಲಿಲ್ಲ. ಕಾಕಾ ಅವರಿಗೆ ಚಹಾ ತರಿಸಿದರು.

"ಮನಷಾ ಹೆಂಗ್ರಿ?"

"ನಾ ಏನ ಹೇಳ್ಲಿರಿ ಗೌಡ್ರ," ಎಂದು ಕಾಕಾ ಚಾವಣಿ ನೋಡಿದರು. "ನಮ್ಮವು ಎರಡ ಬ್ಯಾಟರಿ ಹೋದೂ. ನೀವ ತಿಳಕೋರಿ."

ನಾನು ನಡುಮನೆಯ ಬಾಗಿಲಲ್ಲಿದ್ದೆ. ಹೊರಗಿನ ಗಂಡಸರೊಡನೆ ನಾನು ಆ ಮನೆಯಲ್ಲಿ ಅದುವರೆಗೆ ಮಾತಾಡಿರಲೇ ಇಲ್ಲ.

"ಬ್ಯಾಟರಿ ಕೆಡಿಸಿದವರು ನಾವ್ರಿ," ಎಂದೆ. "ಮಡಿ ಅಂತ ಸವುಳ ನೀರು ನಾವ ಹಾಕೇವಿ. ಒಳಗ ಪ್ಲೇಟ ಎಲ್ಲಾ ಇದ್ದೂ, ನಾನೂ ಕಾಕಾನೂ ಕೂಡೆ ನೋಡೇವಿ. ಅವರು ಕಳ್ಳರಲ್ಲ."

ಅಡುಗೆಮನೆಯಲ್ಲಿ ಕಾಕುವಿನ ಬಳೆಗಳ ಸದ್ದು ನಿಂತಿತು.

ಗೌಡರು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು, ಬಾಯಿ ಒರೆಸಿಕೊಂಡು ಎದ್ದರು. "ಬ್ಯಾಟರಿಗೂ ಮಡಿ ಉಡಸ್ತೀರೇನ್ರಿ ಮಾರಾಯ್ರ? ನಮ್ಮಲ್ಲಿ ಎತ್ತಿಗೂ ಇಲ್ಲ ಅದು." ಚಪ್ಪಲಿ ಮೆಟ್ಟುತ್ತ ಮತ್ತೆ ಕಾಕಾನನ್ನೇ ಕೇಳಿದರು: "ಅವನ ಮನಿ ಯಾವ ಓಣ್ಯಾಗ ಐತ್ರಿ?"

ಕಾಕಾ ಹೇಳಲಿಲ್ಲ. ನಾನು ಹೊಸ್ತಿಲು ದಾಟಿ ಕಟ್ಟೆಯವರೆಗೂ ಹೋಗಿ ಓಣಿಯನ್ನು ತೋರಿಸಿದೆ.