ಕೊಲ್ಲಬಹುದಾದ ದೇವರು

ವಿಜಯಪುರದ ನನ್ನ ಎರಡು ಕೋಣೆಯ ಕಚೇರಿಯಲ್ಲಿ ಯಾವ ತಂತ್ರಾಂಶಕ್ಕೂ ನಮ್ಮ ದೇವರ ಹೆಸರಿರಲಿಲ್ಲ. ಸುದ್ದಿ ತಲುಪಿಸುವುದು ಹುಗಿನ್, ಪಾಸ್‌ವರ್ಡ್ ನೋಡಿ ಒಳಬಿಡುವುದು ಹೇಮ್‌ಡಾಲ್. ಉತ್ತರ ಯುರೋಪಿನ ಹಳೆಯ ಪುರಾಣದಲ್ಲಿ ಹುಗಿನ್ ಎಂದರೆ ಓಡಿನ್ ದೇವರ ಕಾಡುಕಾಗೆ. ದಿನಾ ಲೋಕ ಸುತ್ತಿ ಬಂದು ಒಡೆಯನ ಕಿವಿಗೆ ಸುದ್ದಿ ಹಾಕುತ್ತದೆ. ಹೇಮ್‌ಡಾಲ್ ದೇವಲೋಕದ ಸೇತುವೆ ಕಾಯುವವನು. ಪ್ರೋಗ್ರಾಮರುಗಳಿಗೆ ಈ ಪುರಾಣದ ಹೆಸರುಗಳೆಂದರೆ ಪ್ರಾಣ. ನಾನೂ ಹತ್ತರ ಜೊತೆ ಹನ್ನೊಂದನೆಯವಳು.

ಇನ್ನೊಂದು ಅನುಕೂಲವೂ ಇತ್ತು. ನಮ್ಮ ಕಸುಬಿನ ಮಾತು ಒರಟು. ತಂತ್ರಾಂಶ ನಿಂತರೆ ‘ಸತ್ತಿದೆ’ ಅನ್ನುತ್ತೇವೆ, ಹಟ ಹಿಡಿದು ಕೂತರೆ ‘ಕೊಂದು ಮತ್ತೆ ಎಬ್ಬಿಸು’ ಅನ್ನುತ್ತೇವೆ. ಕಂಪ್ಯೂಟರಿಗೆ ಕೊಡುವ ಆಜ್ಞೆಯೂ ಹಾಗೇ: ಕೊಲ್ಲು, ಅದರ ಮುಂದೆ ಹೆಸರು. ಓಡಿನ್‌ನನ್ನು ಕೊಂದರೆ ನಮ್ಮ ಓಣಿಯಲ್ಲಿ ಕೇಳುವವರಿಲ್ಲ.

ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರ ಸಂಘದ ಕೆಲಸ ಹಿಡಿದಾಗ ಸಿಕ್ಕಿಬಿದ್ದೆ. ಒಣದ್ರಾಕ್ಷಿಯನ್ನು ಶೀತಗೃಹಕ್ಕೆ ಯಾರು ಯಾವಾಗ ತರಬೇಕೆಂದು ಪಾಳಿ ತಿಳಿಸುವ ತಂತ್ರಾಂಶ ಅದು. ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಅದು ಕೈತಪ್ಪಿದರೆ ಕಚೇರಿಗೆ ಬೀಗ ಹಾಕಿ, ಅಪ್ಪ ಹೇಳಿದಂತೆ ಬಿ.ಎಡ್. ಸೇರಬೇಕಿತ್ತು. ಸಂಘದ ಅಧ್ಯಕ್ಷರು ಘೋಣಸಗಿಯ ಹಿರಿಯರು. ತಂತ್ರಾಂಶಕ್ಕೆ ನಾನಿಟ್ಟಿದ್ದ ‘ಥಾರ್’ ಎಂಬ ಹೆಸರನ್ನು ಪರದೆಯ ಮೇಲೆ ಓದಿ ಕನ್ನಡಕ ತೆಗೆದರು.

“ಯಾರವಾ ತಂಗಿ ಇಂವಾ?”

“ಗುಡುಗಿನ ದೇವ್ರರಿ. ಪರದೇಶದಾಂವ.”

“ಯಾಕ, ನಮ್ಮ ಕಡೆ ದೇವ್ರು ತುಟ್ಟಿ ಆಗ್ಯಾವೇನು? ಊರ ದೇವಿ ಹೆಸರಿಡು. ಆಮ್ಯಾಲ ಮುಂದಿನ ಮಾತು.”

ಸಂಜೆ ಬಬಲೇಶ್ವರದ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಗೋಳು ತೋಡಿಕೊಂಡೆ. ದೇವಿಯ ಹೆಸರಿಡುವುದು ಸುಲಭ. ಆಮೇಲೆ ‘ದೇವಿ ಸತ್ತಿದ್ದಾಳೆ, ತಡೀರಿ, ಕೊಂದು ಎಬ್ಬಿಸುತ್ತೇನೆ’ ಎಂದು ಫೋನಿನಲ್ಲಿ ಹೇಳುವ ಬಾಯಿ ನನಗಿಲ್ಲ.

ಅವ್ವ ರೊಟ್ಟಿ ತಿರುವಿ ಹಾಕಿದಳು. “ಜೋಕುಮಾರ ಇಲ್ಲೇನಲೇ ಹುಚ್ಚಿ? ವರ್ಷಾ ಹುಟ್ಟತಾನ, ಏಳ ದಿನಕ್ಕ ಸಾಯತಾನ. ಮತ್ತ ಬರತಾನ.”

ಭಾದ್ರಪದದಲ್ಲಿ ಮಣ್ಣಿನ ಜೋಕುಮಾರನನ್ನು ಬುಟ್ಟಿಯಲ್ಲಿ ಹೊತ್ತು, ಹಾಡುತ್ತ ಬರುವ ಹೆಂಗಸರಿಗೆ ಜೋಳ ನೀಡಿ, ಅವನ ಬಾಯಿಗೆ ಬೆಣ್ಣೆ ಹಚ್ಚುತ್ತ ಬೆಳೆದವಳು ನಾನು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಅಧ್ಯಕ್ಷರಿಗೆ ಫೋನು ಮಾಡಿ ಹೆಸರು ಹೇಳಿದೆ. ಅವರು ಜೋರಾಗಿ ನಕ್ಕು ಒಪ್ಪಿದರು.

ಮುಂದಿನ ವಾರ ಟಿಕೋಟಾದಲ್ಲಿ ಬೆಳೆಗಾರರ ಸಭೆ. ಎಲ್ಲರೂ ಕೂತು ನೋಡುತ್ತಿರುವಾಗಲೇ ತಂತ್ರಾಂಶ ಕೈಕೊಟ್ಟಿತು. ಏನು ಒತ್ತಿದರೂ ಕದಲಲೊಲ್ಲದು. ಕೊಲ್ಲುವ ಆಜ್ಞೆ ಬರೆದು ಮುಂದೆ ಜೋಕುಮಾರನ ಹೆಸರು ಸೇರಿಸಿದೆ. ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಅದನ್ನು ಮುಂದಿನ ಸಾಲಿನವರು ಓದಿ, ಹಿಂದಿನವರಿಗೆ ಅರ್ಥ ಹೇಳಿದರು. ಗುಸುಗುಸು ಎದ್ದಿತು. ಗುಂಡಿ ಒತ್ತಲು ನನ್ನ ಬೆರಳೇ ಏಳಲಿಲ್ಲ.

“ಒತ್ತವಾ,” ಅಂದರು ಅಧ್ಯಕ್ಷರು. “ಅಂವಗ ಸಾಯೂದೇನು ಹೊಸಾದಲ್ಲ.”

ಒತ್ತಿದೆ. ಪರದೆ ಕಪ್ಪಾಯಿತು. ಸ್ವಲ್ಪ ಹೊತ್ತಿಗೆ ಪಾಳಿಯ ಪಟ್ಟಿ ಒಂದೊಂದೇ ಸಾಲಾಗಿ ಮೂಡಿತು.

“ಬಂದಾನ ನೋಡ್ರಿ,” ಎಂದು ಹಿಂದಿನಿಂದ ಯಾರೋ ಹೇಳಿದ್ದೇ ಸಭೆಯೆಲ್ಲ ನಕ್ಕಿತು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಕೆಲಸ ನನ್ನ ಕೈಯಲ್ಲೇ ಉಳಿಯಿತು.

ಬಸ್ಸಿನವರೆಗೆ ಕಳಿಸಲು ಬಂದ ಅಧ್ಯಕ್ಷರು ಕೇಳಿದರು: “ಆ ಗುಡುಗಿನ ದೇವ್ರಿಗೆ ಅವನ ದೇಶದಾಗ ಪೂಜಿ ಗೀಜಿ ನಡೀತಾವೇನು?”

“ಇಲ್ಲ ಅಂತನ ಅನ್ನಬೇಕರಿ. ಹೆಚ್ಚು ಕಡಿಮಿ ಎಲ್ಲಾರೂ ಮರತಾರ.”

ಅವರು ಬರುತ್ತಿದ್ದ ಬಸ್ಸಿಗೆ ಕೈ ಮಾಡಿದರು. “ಪಾಪ. ಹಂಗಾರ ಅವನ್ನ ಪೂರಾ ತಗೀಬ್ಯಾಡ. ಎಲ್ಲ್ಯರ ಒಂದ ಮೂಲ್ಯಾಗ ಕೆಲಸಕ್ಕ ಇಟ್ಕೋ. ನೀನೂ ಕರೀಲಿಲ್ಲಂದ್ರ ಮತ್ಯಾರು ಕರೀತಾರ?”

ಥಾರ್ ಈಗಲೂ ನನ್ನ ಕಚೇರಿಯಲ್ಲಿ ಬೇರೊಂದು ಸಣ್ಣ ತಂತ್ರಾಂಶವಾಗಿ ಇದ್ದಾನೆ. ಆಗಾಗ ಹಟ ಹಿಡಿಯುತ್ತಾನೆ. ಜೋಕುಮಾರನನ್ನು ನಗುನಗುತ್ತಲೇ ಕೊಲ್ಲುತ್ತೇನೆ. ಥಾರ್‌ನನ್ನು ಕೊಲ್ಲುವಾಗ ಮಾತ್ರ ಕೈ ತಡೆಯುತ್ತದೆ.