ಇಳಕಲ್ಲಿನ ಫ್ರಿಜ್ಜಿಗೆ ದನಿ ಕೊಡಲು ಹೋದದ್ದು

ಬೆಳಿಗ್ಗೆ ಬಾಗಲಕೋಟೆಯಲ್ಲಿ ಬಾದಾಮಿ ಬಸ್ಸು ಹತ್ತಿದೆವು. ನಾನು, ನನ್ನ ಹಿರಿಯ ಸಹೋದ್ಯೋಗಿ ಶಿವಲೀಲಕ್ಕ, ಒಂದು ಲ್ಯಾಪ್‌ಟಾಪ್, ಒಂದು ಚೀಲ ಕೇಬಲ್ಲು. ಅಕ್ಕನಿಗೆ ಸರ್ಕಾರಿ ಬಸ್ಸು ಪುಕ್ಕಟೆ, ನನಗೆ ಪೂರಾ ಚಾರ್ಜು. ದಾರಿಯುದ್ದಕ್ಕೂ ಅದನ್ನೇ ಹೇಳಿ ನನ್ನನ್ನು ಕಾಡಿಸಿದರು.

ಒಂದು ಖಾಸಗಿ ದವಾಖಾನೆಯ ಮೂರು ಶಾಖೆಗಳಲ್ಲಿ ಎಸ್‌ಎನ್‌ಎಂಪಿ ಟ್ರ್ಯಾಪ್ ಹೊಂದಿಸುವುದು ನಮ್ಮ ಕೆಲಸ. ಹೆಸರು ದೊಡ್ಡದು, ಸಂಗತಿ ಸರಳ. ತೊಂದರೆಯಾದಾಗ ಯಾರಾದರೂ ಬಂದು ವಿಚಾರಿಸಲಿ ಎಂದು ಕಾಯದೆ ಯಂತ್ರ ತಾನೇ ಬಾಗಲಕೋಟೆಯ ನಮ್ಮ ಆಫೀಸಿನ ಕಂಪ್ಯೂಟರಿಗೆ ಸುದ್ದಿ ಕಳಿಸಬೇಕು. ಆ ಕಂಪ್ಯೂಟರು ಕೂಡಲೇ ನಮ್ಮ ಮೊಬೈಲಿಗೆ ಮುಟ್ಟಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಇಳಕಲ್ಲಿನ ರಕ್ತದ ಫ್ರಿಜ್. ಅದನ್ನು ನೋಡಿಕೊಳ್ಳುವ ರೇಣುಕಾ ಸಿಸ್ಟರ್ ಹುಬ್ಬಳ್ಳಿಗೆ ಮಗಳ ಹೆರಿಗೆಗೆ ಹೋಗಬೇಕಿತ್ತು. ಫ್ರಿಜ್ ಕೆಟ್ಟರೆ ತಕ್ಷಣ ತಿಳಿಯುತ್ತದೆ ಎಂಬ ನಂಬಿಕೆ ಬರುವವರೆಗೆ ಕದಲುವುದಿಲ್ಲ ಎಂದು ಹಟ ಹಿಡಿದು ಕೂತಿದ್ದರು.

ಬಾದಾಮಿಯಲ್ಲಿ ಇಳಿಯುವಷ್ಟರಲ್ಲಿ ಬಿಸಿಲು ಕೆಂಪು ಗುಡ್ಡವನ್ನು ಚೆನ್ನಾಗಿ ಕಾಯಿಸಿತ್ತು. ಅಲ್ಲಿಯ ನೆಟ್‌ವರ್ಕ್ ಯಂತ್ರಕ್ಕೆ ಬಾಯಿ ಜಾಸ್ತಿ. ಸಂಜೆ ಮೇಜಿನ ಕಂಪ್ಯೂಟರ್ ಆರಿಸಿದರೂ ಬೊಬ್ಬೆ ಹಾಕುತ್ತಿದ್ದರಿಂದ ಯಾರೂ ಅದಕ್ಕೆ ಕಿವಿಗೊಡುವುದನ್ನೇ ಬಿಟ್ಟಿದ್ದರು. ಅಕ್ಕ ಬೇಕಾದ ಸುದ್ದಿಗಳನ್ನಷ್ಟೇ ಉಳಿಸಿದರು. ಅಷ್ಟು ಸಾಲದೆಂದು, ಸುದ್ದಿ ಬರುತ್ತದೋ ಇಲ್ಲವೋ ನೋಡಲು ಕುರ್ಚಿ ಹತ್ತಿ, ಇದ್ದ ಎರಡು ಇಂಟರ್ನೆಟ್ ಲೈನುಗಳಲ್ಲಿ ಒಂದನ್ನು ಕಿತ್ತೇ ಬಿಟ್ಟರು. ನನ್ನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಲೈನು ಮತ್ತೆ ಸಿಕ್ಕಿಸಿದ ಮೇಲೆಯೇ ಚಹಾ.

ಅಮೀನಗಡದಲ್ಲಿ ಬಸ್ಸು ನಿಂತಾಗ ಓಡಿಹೋಗಿ ಕರದಂಟು ತಂದೆ. ಹುನಗುಂದದಲ್ಲಿ ಬೇರೆಯೇ ಕಥೆ. ಯಂತ್ರ ಪಾಪ ನಿಷ್ಠೆಯಿಂದ ಸುದ್ದಿ ಕಳಿಸುತ್ತಿತ್ತು, ಆದರೆ ಎಂದೋ ಗುಜರಿಗೆ ಹೋದ ಕಂಪ್ಯೂಟರಿನ ವಿಳಾಸಕ್ಕೆ. ಹೊಸ ವಿಳಾಸ ಕೊಟ್ಟೆವು, ಇಲ್ಲಿಯೂ ಅಕ್ಕ ಒಂದು ವೈರು ಕಿತ್ತು, ಸುದ್ದಿ ಬಂದ ಮೇಲೆ ಮತ್ತೆ ಸಿಕ್ಕಿಸಿದರು. ಬಸ್‌ಸ್ಟ್ಯಾಂಡಿನ ಪಕ್ಕದ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಹೊಟ್ಟೆ ಬಿರಿಯುವಷ್ಟು ತಿಂದೆ.

ಇಳಕಲ್ ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ರೇಣುಕಾ ಸಿಸ್ಟರ್ ಬ್ಯಾಗು ತುಂಬಿ ಫ್ರಿಜ್ಜಿನ ಪಕ್ಕದಲ್ಲೇ ಇಟ್ಟುಕೊಂಡಿದ್ದರು. ಫ್ರಿಜ್ಜಿನ ಮೇಲೆ ತಾಪ, ಕರೆಂಟು, ಬಾಗಿಲು ಮೂರನ್ನೂ ಗಮನಿಸುವ ಸಣ್ಣ ಪೆಟ್ಟಿಗೆ, ಅದಕ್ಕೆ ಸ್ವಂತ ಬ್ಯಾಟರಿ. ವಿಳಾಸ ಹಾಕಿ ಪರೀಕ್ಷೆಯ ಗುಂಡಿ ಒತ್ತಿದೆ. ಮೊಬೈಲಿಗೆ ಸುದ್ದಿ ಬಂತು. ಗೆದ್ದೆವು ಎಂದುಕೊಂಡು ಲ್ಯಾಪ್‌ಟಾಪ್ ಮಡಚತೊಡಗಿದೆ.

"ತಡೀ ತಮ್ಮಾ," ಎಂದರು ಅಕ್ಕ. "ಗುಂಡಿ ಒತ್ತಿದ್ರ ಎಲ್ಲಾ ಮಷೀನೂ ಹೌದೌದು ಅಂತಾವ. ಖರೇನ ಕರೆಂಟ್ ಹೋದ್ರ ಏನ್ ಮಾಡ್ತಾವ, ನೋಡೂಣು. ಈ ಖೋಲಿದು ಮೇನ್ ತಗಿ."

ಸಿಸ್ಟರ್ ಅಡ್ಡ ಬಂದರು. "ಒಳಗ ರಕ್ತದ ಚೀಲ ಅದಾವ್ರಿ ಅಕ್ಕಾರ!"

"ಅದಕ್ಕ ಈಗ ಮಾಡೂಣ್ರಿ. ನೀವೂ ಇದ್ದೀರಿ, ನಾವೂ ಇದ್ದೀವಿ."

ಕೋಣೆಯ ಮೇನ್ ಸ್ವಿಚ್ ಆರಿಸಿದೆ. ಫ್ಯಾನು ನಿಂತಿತು. ಮೊಬೈಲು ಮಾತ್ರ ತುಟಿ ಪಿಟಕ್ಕೆನ್ನಲಿಲ್ಲ. ಅಕ್ಕ ಆಗಲೇ ಗೋಡೆಯ ವೈರಿನ ಜಾಡು ಹಿಡಿದು ಮೂಲೆಗೆ ಹೋಗಿದ್ದರು. ಸುದ್ದಿಯನ್ನು ಹೊರಗೆ ಸಾಗಿಸಬೇಕಾದ ನೆಟ್‌ವರ್ಕ್ ಪೆಟ್ಟಿಗೆಯ ಪ್ಲಗ್ಗು ಅದೇ ಖೋಲಿಯ ಸಾದಾ ಬೋರ್ಡಿನಲ್ಲಿತ್ತು. ಕರೆಂಟಿನ ಜತೆ ಅದೂ ಸತ್ತಿತ್ತು. ಫ್ರಿಜ್ಜಿನ ಪೆಟ್ಟಿಗೆ ಕೂಗಿದ್ದು ಗೋಡೆ ದಾಟಿರಲಿಲ್ಲ. ಅಕ್ಕನ ಬುದ್ಧಿಗೆ ಮನಸ್ಸಿನಲ್ಲೇ ಕೈಮುಗಿದೆ. ನಾನೊಬ್ಬನೇ ಬಂದಿದ್ದರೆ ಆ ವೇಳೆಗೆ ಬಸ್ಸಿನಲ್ಲಿರುತ್ತಿದ್ದೆ.

ಮೇನ್ ಹಾಕಿ, ನೆಟ್‌ವರ್ಕ್ ಪೆಟ್ಟಿಗೆಯನ್ನು ಕರೆಂಟು ಹೋದರೂ ನಡೆಯುವ ಯುಪಿಎಸ್ ಲೈನಿಗೆ ಬದಲಿಸಿ ಮತ್ತೆ ಆರಿಸಿದೆವು. ಈ ಸಲ ನಮ್ಮಿಬ್ಬರ ಮೊಬೈಲೂ ಒಟ್ಟಿಗೆ ಬಡಿದುಕೊಂಡವು. ಏನಾಯಿತೆಂದು ಬಾಗಲಕೋಟೆಯ ಆಫೀಸಿನಿಂದ ಫೋನೂ ಬಂತು. ಮೇನ್ ಮತ್ತೆ ಹಾಕಿದೆ. ಸಿಸ್ಟರ್ ನಗಲಿಲ್ಲ, ಬ್ಯಾಗನ್ನೂ ಎತ್ತಲಿಲ್ಲ. "ಆತ್ರಿ, ಹೋಗಿ ಬರ್ರಿ," ಎಂದಷ್ಟೇ ಹೇಳಿದರು. ನನಗೆ ಕಸಿವಿಸಿಯಾಯಿತು.

ಬಸ್ಸು ಇಳಕಲ್ ದಾಟಿರಲಿಲ್ಲ, ಮೊಬೈಲು ಮತ್ತೆ ಬಡಿದುಕೊಂಡಿತು. ಇಳಕಲ್ ಫ್ರಿಜ್, ಬಾಗಿಲು ತೆರೆದಿದೆ. ಅಕ್ಕ ಫೋನು ಹಚ್ಚಿ ಸ್ಪೀಕರ್ ಹಾಕಿದರು.

"ಗಾಬರಿ ಆಗಬ್ಯಾಡ್ರಿ, ನಾನ ತೆರದಿದ್ದೆ," ಎಂದರು ರೇಣುಕಾ ಸಿಸ್ಟರ್. "ನೀವಿದ್ದಾಗ ಬರೂದು ಬ್ಯಾರೆ. ನೀವು ಹ್ವಾದ ಮ್ಯಾಲೂ ಬರತೈತೇನ್ ಅಂತ ನೋಡಬೇಕಿತ್ರಿ. ಈಗ ಬಾಗಲಾ ಹಾಕೇನಿ. ಹುಬ್ಬಳ್ಳಿಗೆ ಹೊಂಟೇನ್ರಿ."